ಎರಡನೆಯ ಸ್ಥಾನದ ಆಯ್ಕೆ: ಫಲಿತಾಂಶದ ನಂತರದ ವಿಮರ್ಶೆಗೆ ಬೆಲೆಯೆಷ್ಟು?

ಮುಖ್ಯಸ್ಥನಾದವನು ತನ್ನ ನಂತರದ ಸ್ಥಾನಕ್ಕೆ ಯಾರನ್ನು ಆರಿಸಿಕೊಳ್ಳಬೇಕೆಂಬುದು ರಾಜಕಾರಣದಲ್ಲಿಯೂ ವ್ಯಾಪಾರದಲ್ಲಿಯೂ ಸಮಾನವಾಗಿ ಕಠಿಣವಾದ ಪ್ರಶ್ನೆಯಾಗಿದೆ. ಆಯ್ಕೆಯಾದ ದಿನ ಅದನ್ನು ಕುರಿತು ಮೌನವಾಗಿದ್ದವರು ಕೂಡ ಫಲಿತಾಂಶ ಹೊರಬಿದ್ದ ಬಳಿಕ ವಿಮರ್ಶಕರಾಗುತ್ತಾರೆ. ಕಟಪಾಡಿಯಲ್ಲಾಗಲಿ ಮಿಯಾರಿನಲ್ಲಾಗಲಿ ಕಂಬಳದ ಕರೆಯ ಬದಿಯಲ್ಲಿ ನಿಂತು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಕೋಣಗಳ ಜೋಡಿ ಸೋತಿತೆಂದರೆ, ಈ ಎರಡನ್ನು ಒಂದೇ ನೊಗಕ್ಕೆ ಕಟ್ಟಬಾರದಿತ್ತೆಂದು ಹೇಳುವವರು ನೂರು ಮಂದಿ. ಗೆದ್ದಿತೆಂದರೆ ಅದೇ ಜೋಡಿಯನ್ನು ಹೊಗಳುವವರೂ ಅವರೇ. ಗೆದ್ದ ಎತ್ತಿನ ಬಾಲ ಹಿಡಿಯುವುದು ಲೋಕರೂಢಿ.

2024ರ ನವೆಂಬರ್ 5ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ನಂತರ ಇಂತಹುದೇ ವಿಮರ್ಶೆ ಜಗತ್ತಿನಾದ್ಯಂತ ಕೇಳಿಬಂದಿತು. ಸೋತ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರು ತಮ್ಮ ಜೊತೆಗಾರರನ್ನಾಗಿ ಮಿನ್ನೆಸೋಟ ರಾಜ್ಯದ ಗವರ್ನರ್ ಟಿಮ್ ವಾಲ್ಜ್ ಅವರನ್ನು ಆರಿಸಿಕೊಂಡದ್ದು ತಪ್ಪೆಂದೂ, ಪೆನ್ಸಿಲ್ವೇನಿಯದ ಗವರ್ನರ್ ಜೋಶ್ ಶಪಿರೊ ಅವರನ್ನು ಆರಿಸಬೇಕಿತ್ತೆಂದೂ ಅನೇಕರು ವಾದಿಸಿದರು. ದೂರದ ದೇಶದ ಈ ಚರ್ಚೆ ನಮ್ಮ ವರ್ತಕ ಬಾಂಧವರಿಗೆ ಏಕೆ ಬೇಕೆಂದು ಕೇಳಬಹುದು. ಅಲೆವೂರು, ಮಣಿಪಾಲ, ಕಾಪು, ಕಾರ್ಕಳ ಪರಿಸರದ ಸಣ್ಣ ಉದ್ಯಮಗಳಲ್ಲಿ ಒಬ್ಬರ ಅಥವಾ ಇಬ್ಬರ ಹೆಗಲ ಮೇಲೆಯೇ ನಿಂತವು ಹಲವು. ಅಲ್ಲಿಯೂ ಎರಡನೆಯ ಸ್ಥಾನಕ್ಕೆ ಯಾರೆಂಬ ಪ್ರಶ್ನೆ ಇದ್ದೇ ಇದೆ. ನಂತರ ಬರಬಹುದಾದ ಟೀಕೆಗೆ ಅಂಜಿ ಆ ಆಯ್ಕೆಯನ್ನೇ ಮುಂದೂಡುವ ಮಾಲೀಕರೂ ಇದ್ದಾರೆ. ಆದುದರಿಂದ ಇಂತಹ ಆಯ್ಕೆಯನ್ನು ನ್ಯಾಯವಾಗಿ ಅಳೆಯುವ ಬಗೆ ಯಾವುದೆಂಬುದನ್ನು ಕೆಲವು ನೈಜ ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾರ್ಚ್ 31ರ ನಿಯಮ

ಅಳತೆಗೋಲನ್ನು ಹೊರಗೆ ಹುಡುಕಬೇಕಾಗಿಲ್ಲ. ನಮ್ಮ ಲೆಕ್ಕಪತ್ರಗಳಲ್ಲಿಯೇ ಅದು ಇದೆ. ಆಸ್ತಿ-ಹೊಣೆ ಪಟ್ಟಿಯ ದಿನಾಂಕದ ನಂತರ ನಡೆದ ಘಟನೆಗಳನ್ನು ಹೇಗೆ ಪರಿಗಣಿಸಬೇಕೆಂಬುದಕ್ಕೆ ಲೆಕ್ಕಪತ್ರ ಮಾನದಂಡ 4ರಲ್ಲಿ ಸ್ಪಷ್ಟವಾದ ನಿಯಮವಿದೆ. ಏಪ್ರಿಲ್ ತಿಂಗಳಿನಲ್ಲಿ ಸಾಲಗಾರನೊಬ್ಬ ದಿವಾಳಿಯಾದನೆನ್ನೋಣ. ಅವನ ಸ್ಥಿತಿ ಮಾರ್ಚ್ 31ರಂದೇ ಕೆಟ್ಟಿತ್ತೆಂಬುದನ್ನು ಆ ಘಟನೆ ತೋರಿಸಿಕೊಟ್ಟರೆ, ನಷ್ಟವನ್ನು ಹಳೆಯ ವರ್ಷದ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಏಪ್ರಿಲ್‌ನಲ್ಲಿ ಗೋದಾಮಿಗೆ ಬೆಂಕಿ ಬಿದ್ದು ಸರಕು ಸುಟ್ಟರೆ ಅದನ್ನು ಮಾರ್ಚ್ 31ರ ದಾಸ್ತಾನಿನ ಬೆಲೆಯಲ್ಲಿ ಕಳೆಯುವಂತಿಲ್ಲ. ಏಕೆಂದರೆ ಆ ದಿನ ಬೆಂಕಿ ಇರಲಿಲ್ಲ.

ವ್ಯಕ್ತಿಯ ಆಯ್ಕೆಯನ್ನು ವಿಮರ್ಶಿಸುವಾಗಲೂ ಇದೇ ನಿಯಮವನ್ನು ಪಾಲಿಸಬೇಕು. ಆಯ್ಕೆಯ ದಿನವೇ ಇದ್ದ, ವಿಚಾರಿಸಿದ್ದರೆ ತಿಳಿಯಬಹುದಾಗಿದ್ದ ದೋಷವು ಆಯ್ಕೆ ಮಾಡಿದವನ ಖಾತೆಗೆ ಸೇರುತ್ತದೆ. ತರುವಾಯ ಹುಟ್ಟಿಕೊಂಡ, ಯಾರೂ ಊಹಿಸಲಾರದ ಸಂಗತಿ ಅವನ ಖಾತೆಗೆ ಸೇರುವುದಿಲ್ಲ. ಈ ಭೇದವನ್ನು ಮರೆತ ವಿಮರ್ಶೆಗೆ ಬೆಲೆಯಿಲ್ಲ.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ಅಧ್ಯಕ್ಷ ಹಾಗೂ ಉಪಾಧ್ಯಕ್ಷ ಸ್ಥಾನಗಳ ಅಭ್ಯರ್ಥಿಗಳು ಜೋಡಿಯಾಗಿ ಚುನಾವಣೆಗೆ ನಿಲ್ಲುತ್ತಾರೆ. ಮತದಾರನು ಜೋಡಿಯನ್ನು ಒಟ್ಟಾಗಿ ಆರಿಸಬೇಕೇ ಹೊರತು ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಮತ ನೀಡುವಂತಿಲ್ಲ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಅಲ್ಲಿ ರನ್ನಿಂಗ್ ಮೇಟ್ ಎಂದು ಕರೆಯುತ್ತಾರೆ. ಪಕ್ಷದ ಮಹಾಧಿವೇಶನ ಅನುಮೋದಿಸುವುದಾದರೂ ಇಂದಿನ ರೂಢಿಯಲ್ಲಿ ಆಯ್ಕೆ ಅಧ್ಯಕ್ಷೀಯ ಅಭ್ಯರ್ಥಿಯದೇ. ಅಧ್ಯಕ್ಷ ಮರಣ ಹೊಂದಿದರೆ ಅಥವಾ ರಾಜೀನಾಮೆ ನೀಡಿದರೆ ಉಪಾಧ್ಯಕ್ಷನು ಉಳಿದ ಅವಧಿಗೆ ಪೂರ್ಣ ಪ್ರಮಾಣದ ಅಧ್ಯಕ್ಷನಾಗುತ್ತಾನೆ. ಅಧ್ಯಕ್ಷರ ಚುನಾವಣೆಯಲ್ಲಿ ರಾಜ್ಯವಾರು ಹಂಚಿಕೆಯಾದ ಒಟ್ಟು 538 ಚುನಾಯಕ ಮತಗಳಿದ್ದು, ಗೆಲ್ಲಲು 270 ಬೇಕು. ಬಹುತೇಕ ರಾಜ್ಯಗಳಲ್ಲಿ ಗೆದ್ದವರಿಗೆ ಆ ರಾಜ್ಯದ ಎಲ್ಲ ಮತಗಳೂ ಸಲ್ಲುತ್ತವೆ.

ಮೊದಲನೆಯದು: ಲೆಕ್ಕದ ಪರೀಕ್ಷೆ

ಈ ಹಿನ್ನೆಲೆಯಲ್ಲಿ 2024ರ ಟೀಕೆಯನ್ನು ನೋಡೋಣ. ಜೋ ಬೈಡನ್ ಅವರು ಜುಲೈ 21ರಂದು ಕಣದಿಂದ ಹಿಂದೆ ಸರಿದರು. ಅವರ ಉಪಾಧ್ಯಕ್ಷೆಯಾಗಿದ್ದ ಹ್ಯಾರಿಸ್ ಅಭ್ಯರ್ಥಿಯಾಗಿ, ಆಗಸ್ಟ್ 6ರಂದು ವಾಲ್ಜ್ ಅವರ ಹೆಸರನ್ನು ಪ್ರಕಟಿಸಿದರು. ಅಂತಿಮವಾಗಿ ಡೊನಾಲ್ಡ್ ಟ್ರಂಪ್ ಅವರಿಗೆ 312, ಹ್ಯಾರಿಸ್ ಅವರಿಗೆ 226 ಚುನಾಯಕ ಮತಗಳು ದೊರೆತವು. ಪೆನ್ಸಿಲ್ವೇನಿಯದ ಪಾಲು 19. ಶಪಿರೊ ಜೊತೆಗಾರರಾಗಿದ್ದರೆ ಆ ರಾಜ್ಯ ಖಂಡಿತ ಒಲಿಯುತ್ತಿತ್ತೆಂದೇ ಒಪ್ಪಿಕೊಳ್ಳೋಣ. ಆಗ ಹ್ಯಾರಿಸ್ ಅವರ ಮೊತ್ತ 245, ಟ್ರಂಪ್ ಅವರದು 293. ಫಲಿತಾಂಶ ಅದೇ. ಜೊತೆಗಾರನ ಪ್ರಭಾವ ಆತನ ತವರು ರಾಜ್ಯವನ್ನು ದಾಟಿ ಇತರ ರಾಜ್ಯಗಳಲ್ಲಿಯೂ ಕೆಲಸ ಮಾಡುತ್ತಿತ್ತೆಂದು ತೋರಿಸದ ಹೊರತು ಈ ಟೀಕೆ ಕೂಡು-ಕಳೆಯುವ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹೊಗಳಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 1960ರಲ್ಲಿ ಜಾನ್ ಕೆನಡಿಯವರು ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಆರಿಸಿಕೊಂಡದ್ದರಿಂದಲೇ ಟೆಕ್ಸಾಸ್ ದೊರೆತು ಚುನಾವಣೆ ಗೆದ್ದಿತೆಂಬ ಮಾತು ಪ್ರಸಿದ್ಧವಾಗಿದೆ. ಆ ವರ್ಷ ಗೆಲುವಿಗೆ 269 ಚುನಾಯಕ ಮತಗಳು ಬೇಕಿದ್ದವು. ಕೆನಡಿಯವರಿಗೆ 303 ಬಂದವು. ಟೆಕ್ಸಾಸ್‌ನ 24ನ್ನು ಕಳೆದರೂ 279 ಉಳಿಯುತ್ತದೆ. ಅಂದರೆ ಟೆಕ್ಸಾಸ್ ಒಂದರಿಂದಲೇ ಗೆಲುವು ಬಂದದ್ದಲ್ಲ. ದಕ್ಷಿಣದ ಇತರ ರಾಜ್ಯಗಳು ಕೈಬಿಟ್ಟು ಹೋಗದಂತೆ ಜಾನ್ಸನ್ ತಡೆದರೆಂದು ವಾದಿಸಿದರೆ ಮಾತ್ರ ಆ ಹೊಗಳಿಕೆಗೆ ಆಧಾರವಿದೆ.

ನಮ್ಮಲ್ಲಿಯೂ ಹೀಗೆಯೇ. ಹೊಸ ಮ್ಯಾನೇಜರ್ ಬಂದ ವರ್ಷ ನಷ್ಟವಾಯಿತೆಂದ ಮಾತ್ರಕ್ಕೆ ಅವನಿಂದಲೇ ನಷ್ಟವಾಯಿತೆಂದಲ್ಲ. ಕಚ್ಚಾಮಾಲಿನ ಬೆಲೆ, ದೊಡ್ಡ ಗಿರಾಕಿಯ ನಿರ್ಗಮನ, ಮಳೆಗಾಲದ ವಿದ್ಯುತ್ ಕಡಿತ ಇವೆಲ್ಲವನ್ನೂ ಬದಿಗಿಟ್ಟು ಅವನ ಪಾಲು ಎಷ್ಟೆಂಬುದನ್ನು ಅಂಕಿಗಳಲ್ಲಿ ತೋರಿಸಲು ಸಾಧ್ಯವಾದರೆ ಮಾತ್ರ ಆಯ್ಕೆಯನ್ನು ದೂರಬಹುದು.

ಎರಡನೆಯದು: ವಿಚಾರಣೆಯ ಪರೀಕ್ಷೆ

1972ರ ಜುಲೈ 13ರಂದು ಡೆಮೊಕ್ರಾಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಅವರು ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ದೂರವಾಣಿಯಲ್ಲಿ ನಡೆಸಿದ ಅತ್ಯಲ್ಪ ಕಾಲದ ಮಾತುಕತೆಯ ನಂತರ ಆರಿಸಿಕೊಂಡರು. ಕೆಲವೇ ದಿನಗಳಲ್ಲಿ, ಈಗಲ್ಟನ್ ಅವರು ಹಿಂದೆ ಮೂರು ಬಾರಿ ಖಿನ್ನತೆಗಾಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ವಿಷಯ ಬಹಿರಂಗವಾಯಿತು. ಮೆಕ್‌ಗವರ್ನ್ ಮೊದಲು ಅವರನ್ನು ಸಂಪೂರ್ಣವಾಗಿ ಬೆಂಬಲಿಸುವುದಾಗಿ ಸಾರಿ, ತರುವಾಯ ಕೈಬಿಟ್ಟರು. ಆಯ್ಕೆಯಾದ 18 ದಿನಗಳಲ್ಲಿ ಈಗಲ್ಟನ್ ಹಿಂದೆ ಸರಿಯಬೇಕಾಯಿತು.

ಇಲ್ಲಿ ಟೀಕೆ ನ್ಯಾಯವಾದುದು. ಆದರೆ ದೋಷ ಯಾವುದೆಂಬುದನ್ನು ಸರಿಯಾಗಿ ಗುರುತಿಸಬೇಕು. ಚಿಕಿತ್ಸೆ ಪಡೆದುದು ದೋಷವಲ್ಲ. ಈಗಲ್ಟನ್ ಅವರು 1987ರ ಆದಿಯವರೆಗೂ ಸೆನೆಟರ್ ಆಗಿ ಕಾರ್ಯನಿರ್ವಹಿಸಿದರು. ಕೇಳಬೇಕಾದುದನ್ನು ಕೇಳದೆ, ಹೇಳಬೇಕಾದುದನ್ನು ಹೇಳಿಸಿಕೊಳ್ಳದೆ ಅವಸರದಲ್ಲಿ ನಿರ್ಧರಿಸಿದ್ದು ದೋಷ. ಆ ಸಂಗತಿ ಆಯ್ಕೆಯ ದಿನವೇ ಅಸ್ತಿತ್ವದಲ್ಲಿತ್ತು. ಮಾರ್ಚ್ 31ರ ನಿಯಮದಂತೆ ಅದು ಆಯ್ಕೆ ಮಾಡಿದವರ ಖಾತೆಗೇ ಸೇರಬೇಕು. ಹಾಗೆಂದು ಚುನಾವಣೆಯ ಸೋಲನ್ನೆಲ್ಲ ಇದಕ್ಕೇ ಹಚ್ಚಲಾಗದು. 50 ರಾಜ್ಯಗಳ ಪೈಕಿ 49ರಲ್ಲಿ ಸೋತ ಅಭ್ಯರ್ಥಿಯ ಸೋಲಿಗೆ ಬೇರೆ ಕಾರಣಗಳೂ ಇರಲೇಬೇಕು.

ಇದಕ್ಕೆ ಪ್ರತಿಯಾಗಿ 2008ರ ಪ್ರಸಂಗವನ್ನು ಇಡಬಹುದು. ಜಾನ್ ಮೆಕೇನ್ ಅವರು ಆಗಸ್ಟ್ 29ರಂದು ಅಲಾಸ್ಕದ ಗವರ್ನರ್ ಸಾರಾ ಪೇಲಿನ್ ಅವರನ್ನು ಜೊತೆಗಾರರಾಗಿ ಪ್ರಕಟಿಸಿದರು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾಗಿ ಜಗತ್ತಿನ ಹಣಕಾಸು ವ್ಯವಸ್ಥೆಯೇ ನಡುಗಿತು. ಪೇಲಿನ್ ಅವರ ಅನುಭವದ ಕೊರತೆ ಆಯ್ಕೆಯ ದಿನವೇ ತಿಳಿದಿದ್ದ ಸಂಗತಿ. ಅದನ್ನು ಪ್ರಶ್ನಿಸುವುದು ಸರಿ. ಆದರೆ ಲೇಮನ್ ಪತನ ಏಪ್ರಿಲ್ ತಿಂಗಳ ಬೆಂಕಿ. ಎರಡನ್ನೂ ಒಂದೇ ಖಾತೆಗೆ ಬರೆದು ಆಯ್ಕೆಯನ್ನು ಹಳಿಯುವುದು ಸರಿಯಲ್ಲ.

ಮೂರನೆಯದು: ಸಹಿಯ ಪರೀಕ್ಷೆ

ನಮ್ಮ ದೇಶದಲ್ಲಿ ಜೊತೆಗಾರ ಅಭ್ಯರ್ಥಿಯ ಪದ್ಧತಿ ಇಲ್ಲ. ರಾಷ್ಟ್ರಪತಿಯನ್ನು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೂ, ಉಪರಾಷ್ಟ್ರಪತಿಯನ್ನು ಸಂಸತ್ತಿನ ಉಭಯ ಸದನಗಳ ಸದಸ್ಯರೂ ಪ್ರತ್ಯೇಕವಾಗಿ ಆರಿಸುತ್ತಾರೆ. ರಾಷ್ಟ್ರಪತಿ ಸ್ಥಾನ ತೆರವಾದರೆ ಉಪರಾಷ್ಟ್ರಪತಿಯು ಹಂಗಾಮಿಯಾಗಿ ಕಾರ್ಯನಿರ್ವಹಿಸಬೇಕು. ಮರಣ ಅಥವಾ ರಾಜೀನಾಮೆಯಿಂದ ತೆರವಾದಲ್ಲಿ ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ವಿಧಿ. ಎರಡನೆಯ ಸ್ಥಾನದವನು ಎಂದು ಒಂಟಿಯಾಗಿ ಸಹಿ ಹಾಕಬೇಕಾಗುತ್ತದೆಂದು ಯಾರೂ ಹೇಳಲಾರರು. ಇದಕ್ಕೆ ನಮ್ಮ ಜಿಲ್ಲೆಗೆ ನೇರವಾಗಿ ಸಂಬಂಧಿಸಿದ ನಿದರ್ಶನವೇ ಇದೆ.

1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು 1967ರ ಮೇ ತಿಂಗಳಿನಲ್ಲಿ ಉಪರಾಷ್ಟ್ರಪತಿಯಾದರು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ನಿಧನರಾದುದರಿಂದ ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಆ ವರ್ಷದ ಜುಲೈ ತಿಂಗಳಿನಲ್ಲಿ ಕಾಂಗ್ರೆಸ್ ಪಕ್ಷದ ಮಹತ್ವದ ಸಭೆಗಳು ಬೆಂಗಳೂರಿನಲ್ಲಿ ನಡೆದವು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಬ್ಯಾಂಕುಗಳ ರಾಷ್ಟ್ರೀಕರಣದ ಪ್ರಸ್ತಾಪವನ್ನೊಳಗೊಂಡ ಪ್ರಧಾನಿ ಇಂದಿರಾ ಗಾಂಧಿಯವರ ಟಿಪ್ಪಣಿ ಅಲ್ಲಿಯೇ ಚರ್ಚೆಗೆ ಬಂದಿತು. ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯನ್ನಾಗಿ ಆರಿಸಿದ್ದೂ ಅಲ್ಲಿಯೇ. ಮುಂದಿನ ಘಟನೆಗಳು ದಿನಗಳ ಲೆಕ್ಕದಲ್ಲಿ ನಡೆದವು. ಜುಲೈ 19ರಂದು 14 ಖಾಸಗಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಅಧ್ಯಾದೇಶಕ್ಕೆ ಹಂಗಾಮಿ ರಾಷ್ಟ್ರಪತಿ ಗಿರಿಯವರು ಸಹಿ ಹಾಕಿದರು. ಜುಲೈ 20ರಂದು ರಾಜೀನಾಮೆ ನೀಡಿ, ರೆಡ್ಡಿಯವರ ವಿರುದ್ಧ ತಾವೇ ಸ್ಪರ್ಧೆಗಿಳಿದರು. ಗೆದ್ದು ಆಗಸ್ಟ್ 24ರಂದು ರಾಷ್ಟ್ರಪತಿಯಾದರು.

ಆ 14 ಬ್ಯಾಂಕುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಹಾಗೂ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಎರಡೂ ಸೇರಿದ್ದವು. ಅಂದರೆ ನಮ್ಮ ಊರಿನ ಬ್ಯಾಂಕಿನ ಒಡೆತನ ಬದಲಾದುದು ಎರಡನೆಯ ಸ್ಥಾನಕ್ಕೆಂದು ಆಯ್ಕೆಯಾಗಿದ್ದ ವ್ಯಕ್ತಿಯ ಸಹಿಯಿಂದ. ಮೊದಲ ಶಾಸನವನ್ನು ಸರ್ವೋಚ್ಚ ನ್ಯಾಯಾಲಯ 1970ರ ಫೆಬ್ರವರಿ 10ರಂದು ಅಸಿಂಧುಗೊಳಿಸಿದಾಗ, ನಾಲ್ಕೇ ದಿನಗಳಲ್ಲಿ ಹೊಸ ಅಧ್ಯಾದೇಶ ಹೊರಬಂದಿತು. ಅಷ್ಟರಲ್ಲಿ ಗಿರಿಯವರು ಹಂಗಾಮಿಯಲ್ಲ, ಪೂರ್ಣ ರಾಷ್ಟ್ರಪತಿ. ರಾಷ್ಟ್ರೀಕರಣ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. 1967ರಲ್ಲಿ ಆಯ್ಕೆ ಮಾಡುವಾಗ, ಈತನೇ ಒಂದು ದಿನ ದೊಡ್ಡ ನಿರ್ಧಾರಕ್ಕೆ ಸಹಿ ಹಾಕಬೇಕಾದೀತು ಎಂಬ ದೃಷ್ಟಿಯಿಂದ ನೋಡಬೇಕಿತ್ತೆಂಬುದಷ್ಟೇ ನಮಗೆ ಇಲ್ಲಿ ಮುಖ್ಯ.

ಎರಡನೆಯ ನಿದರ್ಶನ ಕನ್ನಡಿಗರೇ ಆದ ಬಿ. ಡಿ. ಜತ್ತಿಯವರದು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದು, ಬಳಿಕ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್ ಹಾಗೂ ಒರಿಸ್ಸಾದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದ ಅವರು 1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ನಿಧನರಾದರು. ತುರ್ತು ಪರಿಸ್ಥಿತಿಯ ಕೊನೆಯ ದಿನಗಳು, ಮಹಾಚುನಾವಣೆ, ಕೇಂದ್ರದಲ್ಲಿ ಮೊತ್ತಮೊದಲ ಬಾರಿಗೆ ಪಕ್ಷದ ಬದಲಾವಣೆ ಇವೆಲ್ಲ ನಡೆದುದು ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದ ಜುಲೈ 25ರವರೆಗಿನ ಐದೂವರೆ ತಿಂಗಳಿನಲ್ಲಿ. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಅವರೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಹೊಸ ಸರಕಾರದ ಸಲಹೆಗೆ ಒಡನೆ ಸಹಿ ಹಾಕದೆ ಹಿಂಜರಿದ ಅವರು, ಏಪ್ರಿಲ್ 30ರಂದು ಸಹಿ ಹಾಕಿದರು. ಹಿಂಜರಿದುದಕ್ಕೆ ಒಂದು ಪಕ್ಷದವರು, ಸಹಿ ಹಾಕಿದುದಕ್ಕೆ ಇನ್ನೊಂದು ಪಕ್ಷದವರು ಅಸಮಾಧಾನ ತಾಳಿದರೆ ಆಶ್ಚರ್ಯವಿಲ್ಲ. ಆದರೆ 1974ರಲ್ಲಿ ಆಯ್ಕೆ ಮಾಡಿದವರ ಮುಂದಿದ್ದುದು ಒಂದು ರಾಜ್ಯವನ್ನು ನಾಲ್ಕು ವರ್ಷ ನಡೆಸಿದ, ಎರಡು ಕಡೆ ಆಡಳಿತದ ಮುಖ್ಯಸ್ಥರಾಗಿದ್ದ ಅನುಭವಿ. ಸಹಿಯ ಪರೀಕ್ಷೆಯಲ್ಲಿ ಆ ಆಯ್ಕೆ ತೇರ್ಗಡೆಯಾಗುತ್ತದೆ.

ಗಿರಿಯವರು ರಾಜೀನಾಮೆ ನೀಡಿದಾಗ ಎರಡು ಸ್ಥಾನಗಳೂ ಖಾಲಿಯಾಗಿದ್ದವೆಂಬುದನ್ನೂ ಇಲ್ಲಿ ನೆನೆಯಬೇಕು. ಅಂತಹ ಸಂದರ್ಭಕ್ಕೆಂದು 1969ರಲ್ಲಿಯೇ ರೂಪಿಸಲಾಗಿದ್ದ ಕಾನೂನಿನ ಪ್ರಕಾರ ಮುಖ್ಯ ನ್ಯಾಯಾಧೀಶ ಎಂ. ಹಿದಾಯತುಲ್ಲಾ ಅವರು ಆಗಸ್ಟ್ 24ರವರೆಗೆ ರಾಷ್ಟ್ರಪತಿಯ ಕರ್ತವ್ಯ ನಿರ್ವಹಿಸಿದರು. ದೇಶಕ್ಕೆ ಮೂರನೆಯವರ ಹೆಸರೂ ಸಿದ್ಧವಿತ್ತು. ನಮ್ಮ ಎಷ್ಟು ಅಂಗಡಿ, ಕಾರ್ಖಾನೆಗಳಲ್ಲಿ ಎರಡನೆಯವರ ಹೆಸರಾದರೂ ಸಿದ್ಧವಿದೆ?

ನಾಲ್ಕನೆಯದು: ಕರಾರಿನ ಪರೀಕ್ಷೆ

ರಾಜ್ಯಮಟ್ಟದಲ್ಲಿ ಎರಡನೆಯ ಸ್ಥಾನವೆಂದರೆ ಉಪಮುಖ್ಯಮಂತ್ರಿ. ಸಂವಿಧಾನದಲ್ಲಿ ಈ ಹುದ್ದೆಯ ಉಲ್ಲೇಖವಿಲ್ಲ. ಉಪಮುಖ್ಯಮಂತ್ರಿಯೆಂದರೆ ಕಾನೂನಿನ ದೃಷ್ಟಿಯಲ್ಲಿ ಇತರರಂತೆ ಒಬ್ಬ ಮಂತ್ರಿಯೇ ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿಯೂ ಸ್ಪಷ್ಟಪಡಿಸಿತು. ಹುದ್ದೆಯ ಬಲವೆಲ್ಲ ರಾಜಕೀಯ ಒಪ್ಪಂದದಲ್ಲಿದೆ.

ಕರ್ನಾಟಕದಲ್ಲಿ ಈ ಹುದ್ದೆ ಮೊದಲು ಬಂದುದು ಕಾರ್ಕಳವನ್ನು ಪ್ರತಿನಿಧಿಸುತ್ತಿದ್ದ ಎಂ. ವೀರಪ್ಪ ಮೊಯಿಲಿಯವರು ಮುಖ್ಯಮಂತ್ರಿಯಾಗಿದ್ದ 1992-94ರ ಅವಧಿಯಲ್ಲಿ. ಹುದ್ದೆ ವಹಿಸಿದವರು ಎಸ್. ಎಂ. ಕೃಷ್ಣ. ಅವರ ನಂತರ 2007ರವರೆಗೆ ಈ ಹುದ್ದೆಯಲ್ಲಿದ್ದವರು ಜೆ. ಎಚ್. ಪಟೇಲ್, ಸಿದ್ದರಾಮಯ್ಯ, ಎಂ. ಪಿ. ಪ್ರಕಾಶ್ ಹಾಗೂ ಬಿ. ಎಸ್. ಯಡಿಯೂರಪ್ಪ. ಈ ಐವರಲ್ಲಿ ನಾಲ್ವರು ಮುಂದೆ ಮುಖ್ಯಮಂತ್ರಿಗಳಾದರು: ಪಟೇಲ್ 1996ರಲ್ಲಿ, ಕೃಷ್ಣ 1999ರಲ್ಲಿ, ಯಡಿಯೂರಪ್ಪ 2007ರಲ್ಲಿ, ಸಿದ್ದರಾಮಯ್ಯ 2013ರಲ್ಲಿ. ಸಮತೋಲನಕ್ಕೆಂದೋ ಸಮಾಧಾನಕ್ಕೆಂದೋ ಕೊಟ್ಟ ಸ್ಥಾನ ಮೆಟ್ಟಿಲಾಗಿ ಪರಿಣಮಿಸಿದ್ದನ್ನು ಈ ಪಟ್ಟಿ ತೋರಿಸುತ್ತದೆ.

ಇವುಗಳಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದುದು 2006ರ ಪ್ರಸಂಗ. ಫೆಬ್ರವರಿ 3ರಂದು ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ, ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ತಲಾ 20 ತಿಂಗಳು ಅಧಿಕಾರ ಹಂಚಿಕೊಳ್ಳುವುದು ಒಪ್ಪಂದ. 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರದ ಸಮಯ ಬಂದಾಗ ಅದು ನಡೆಯದೆ ಸರಕಾರ ಬಿದ್ದು, ರಾಷ್ಟ್ರಪತಿ ಆಳ್ವಿಕೆ ಬಂದಿತು. ನವೆಂಬರ್ 12ರಂದು ಯಡಿಯೂರಪ್ಪನವರು ಮುಖ್ಯಮಂತ್ರಿಯಾದರೂ, ಹೊಸ ಷರತ್ತುಗಳ ಕುರಿತ ಭಿನ್ನಾಭಿಪ್ರಾಯದಿಂದ ಬೆಂಬಲ ದೊರೆಯದೆ ಏಳು ದಿನಗಳಲ್ಲಿ ರಾಜೀನಾಮೆ ನೀಡಬೇಕಾಯಿತು. ಯಾರದು ಸರಿ, ಯಾರದು ತಪ್ಪೆಂಬ ತೀರ್ಪು ಈ ಪುಟಗಳ ಕೆಲಸವಲ್ಲ. ಆದರೆ ಹಸ್ತಾಂತರದ ಷರತ್ತುಗಳನ್ನು ಆರಂಭದ ದಿನವೇ ಖಚಿತಗೊಳಿಸದೆ ಹಸ್ತಾಂತರದ ದಿನ ಚರ್ಚೆಗೆ ಎತ್ತಿಕೊಂಡರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ. ಪಾಲುದಾರಿಕೆಯಲ್ಲಿ ದುಡಿದವರಿಗೆ ಇದು ಪರಿಚಿತ ಕಥೆ.

ನಮ್ಮ ಸಂಸ್ಥೆಗಳಿಗೆ ಅನ್ವಯಿಸಿದಾಗ

ಎರಡನೆಯವನ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಮೊದಲನೆಯವನ ಕೊರತೆಯನ್ನು. 1925ರಲ್ಲಿ ಉಡುಪಿಯಲ್ಲಿ ರೂ. 8,000 ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭವಾದಾಗ ಅದರ ಸ್ಥಾಪಕರು ಮೂವರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ವೈದ್ಯ ಡಾ. ಟಿ. ಎಂ. ಎ. ಪೈ. ಒಬ್ಬರ ವಿದ್ಯೆ ಇನ್ನೊಬ್ಬರಲ್ಲಿರಲಿಲ್ಲ. ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ 95 ವರ್ಷ ಬಾಳಿತು. ಮಾರಾಟದಲ್ಲಿ ನಿಪುಣನಾದ ಮಾಲೀಕನು ತನ್ನಂತೆಯೇ ಮಾರಾಟದಲ್ಲಿ ನಿಪುಣನಾದ ಮತ್ತೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ, ಲೆಕ್ಕಪತ್ರ ನೋಡುವವರು ಯಾರೂ ಇಲ್ಲದಂತಾಗುತ್ತದೆ.

ಇನ್ನು ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಗಮನಿಸೋಣ.

1. ಏಕವ್ಯಕ್ತಿ ಒಡೆತನದ ವ್ಯಾಪಾರಕ್ಕೆ ಮಾಲೀಕನಿಂದ ಪ್ರತ್ಯೇಕವಾದ ಅಸ್ತಿತ್ವವಿಲ್ಲ. ಪವರ್ ಆಫ್ ಅಟಾರ್ನಿ ಎಂದು ವಾಡಿಕೆಯಲ್ಲಿರುವ ಅಧಿಕಾರಪತ್ರವನ್ನು ಮಗನಿಗೋ ಮ್ಯಾನೇಜರ್‌ಗೋ ಬರೆದುಕೊಟ್ಟಿದ್ದೇನೆ, ಇನ್ನೇನು ಭಯವೆಂದು ಭಾವಿಸುವವರಿದ್ದಾರೆ. ಸಾಮಾನ್ಯವಾಗಿ ಕೊಟ್ಟವನ ಮರಣದೊಂದಿಗೆ ಆ ಅಧಿಕಾರವೂ ಮುಗಿಯುತ್ತದೆ. ಅತ್ಯಂತ ಅಗತ್ಯವಾದ ದಿನವೇ ಅದು ಕೆಲಸಕ್ಕೆ ಬಾರದು.

2. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಗೊಳ್ಳುತ್ತದೆ. ಮುಂದುವರಿಯುವುದೆಂಬ ಷರತ್ತನ್ನು ಪತ್ರದಲ್ಲಿ ಬರೆದಿದ್ದರೂ, ಪಾಲುದಾರರು ಇಬ್ಬರೇ ಆಗಿದ್ದಲ್ಲಿ ಒಬ್ಬರ ಮರಣದಿಂದ ಪಾಲುದಾರಿಕೆ ಕೊನೆಗೊಳ್ಳುತ್ತದೆಂದು ಸರ್ವೋಚ್ಚ ನ್ಯಾಯಾಲಯ 1965ರಲ್ಲಿಯೇ ತೀರ್ಪಿತ್ತಿದೆ. ಒಬ್ಬನೇ ಇರುವಾಗ ಪಾಲುದಾರಿಕೆಯೆಂಬುದು ಇರಲಾರದು. ಇಬ್ಬರೇ ಇರುವ ಸಂಸ್ಥೆಗಳು ಮೂರನೆಯವರನ್ನು ಸೇರಿಸಿಕೊಳ್ಳುವ ಬಗ್ಗೆ ಯೋಚಿಸುವುದು ಒಳಿತು. ಆದರೆ ಸೇರಿದ ಪ್ರತಿಯೊಬ್ಬ ಪಾಲುದಾರನ ವ್ಯವಹಾರಕ್ಕೂ ಉಳಿದವರು ಹೊಣೆಗಾರರೆಂಬುದನ್ನು ಮರೆಯಬಾರದು. ವಿಚಾರಣೆಯ ಪರೀಕ್ಷೆ ಇಲ್ಲಿ ಅತ್ಯಗತ್ಯ.

3. 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆಯ ಪ್ರಕಾರ ಕನಿಷ್ಠ ಇಬ್ಬರು ಪಾಲುದಾರರು ಇರಲೇಬೇಕು. ಸಂಖ್ಯೆ ಒಂದಕ್ಕಿಳಿದ ಮೇಲೆಯೂ, ಅದು ತಿಳಿದಿದ್ದೂ, ಆರು ತಿಂಗಳಿಗಿಂತ ಹೆಚ್ಚು ಕಾಲ ವ್ಯವಹಾರ ನಡೆಸಿದರೆ ಆ ಅವಧಿಯ ಹೊಣೆ ಉಳಿದವನ ಮೇಲೆ ವೈಯಕ್ತಿಕವಾಗಿ ಬೀಳುತ್ತದೆ.

4. 2013ರ ಕಂಪನಿ ಕಾಯ್ದೆಯು ಏಕವ್ಯಕ್ತಿ ಕಂಪನಿಗೆ ಅವಕಾಶ ನೀಡಿದೆ. ಇದರಲ್ಲಿ ಸದಸ್ಯ ಮರಣ ಹೊಂದಿದರೆ ಅಥವಾ ಅಸಮರ್ಥನಾದರೆ ಅವನ ಸ್ಥಾನಕ್ಕೆ ಬರುವವನ ಹೆಸರನ್ನು, ಅವನ ಲಿಖಿತ ಒಪ್ಪಿಗೆ ಪಡೆದು, ಸ್ಥಾಪನೆಯ ಸಮಯದಲ್ಲಿಯೇ ನಮೂದಿಸಬೇಕು. ಬೇಕಾದಾಗ ಹೆಸರನ್ನು ಬದಲಾಯಿಸಬಹುದು. ಅವನೂ ಒಪ್ಪಿಗೆಯನ್ನು ಹಿಂಪಡೆಯಬಹುದು. ಅಮೆರಿಕದ ಜೊತೆಗಾರ ಅಭ್ಯರ್ಥಿಗೆ ಅತ್ಯಂತ ಸಮೀಪವಾದ ಏರ್ಪಾಡು ನಮ್ಮ ವಾಣಿಜ್ಯ ಕಾನೂನಿನಲ್ಲಿ ಇದೇ.

5. ಬ್ಯಾಂಕ್ ಖಾತೆಗೆ ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ಉತ್ತರಾಧಿಕಾರದ ಏರ್ಪಾಡು ಆದಂತಲ್ಲ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ಹೆಸರು ಕೊಡುವ ಅವಕಾಶ ಬಂದಿದೆ. ಆದರೆ ನಾಮನಿರ್ದೇಶಿತನು ಹಣ ಸ್ವೀಕರಿಸುವವನು. ವ್ಯಾಪಾರ ನಡೆಸುವ ಅಧಿಕಾರ ಅವನಿಗೆ ಅದರಿಂದ ಬರುವುದಿಲ್ಲ.

ಕೆಲವು ಸಲಹೆಗಳು

ಮೇಲಿನ ನಾಲ್ಕು ಪರೀಕ್ಷೆಗಳನ್ನು ಆಯ್ಕೆಯಾದ ಮೇಲಲ್ಲ, ಆಯ್ಕೆಗೆ ಮುಂಚೆ ನಡೆಸಬೇಕು. ಇವರಿಂದ ನನ್ನ ಯಾವ ಕೊರತೆ ತುಂಬುತ್ತದೆ, ಅದರ ಬೆಲೆ ಎಷ್ಟು? ಕೇಳಬೇಕಾದುದನ್ನೆಲ್ಲ ನೇರವಾಗಿ ಕೇಳಿದ್ದೇನೆಯೇ? ನಾಳೆ ಬೆಳಿಗ್ಗೆ ನಾನು ಅಂಗಡಿಗೆ ಬಾರದಿದ್ದರೆ ಇವರು ಒಂಟಿಯಾಗಿ ಸಹಿ ಹಾಕಬಲ್ಲರೇ, ಬ್ಯಾಂಕು ಆ ಸಹಿಯನ್ನು ಒಪ್ಪುತ್ತದೆಯೇ? ಅಧಿಕಾರ, ಪಾಲು, ಹಸ್ತಾಂತರದ ದಿನ ಇವೆಲ್ಲ ಕಾಗದದ ಮೇಲೆ ಇವೆಯೇ?

ಇವುಗಳಿಗೆ ಉತ್ತರವನ್ನು ಒಂದು ಪುಟದಲ್ಲಿ ಬರೆದು, ದಿನಾಂಕ ಹಾಕಿ ಕಡತದಲ್ಲಿ ಇಡುವುದು ಉತ್ತಮ. ಯಾರು ಯಾರನ್ನು ಪರಿಗಣಿಸಲಾಯಿತು, ಅವರನ್ನು ಏಕೆ ಬಿಡಲಾಯಿತು, ಅಂದು ಏನು ತಿಳಿದಿತ್ತು ಎಂಬುದು ಅದರಲ್ಲಿರಲಿ. ಮೂರು ವರ್ಷಗಳ ನಂತರ ಮಕ್ಕಳಾಗಲಿ ಪಾಲುದಾರರಾಗಲಿ ಆ ಆಯ್ಕೆಯನ್ನು ಪ್ರಶ್ನಿಸಿದಾಗ, ನೆನಪಿನ ಮೇಲೆ ವಾದಿಸುವ ಬದಲು ಆ ಪುಟವನ್ನು ತೆರೆಯಬಹುದು. ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಅದನ್ನು ಒಮ್ಮೆ ಓದಿ, ಪರಿಸ್ಥಿತಿ ಬದಲಾಗಿದ್ದರೆ ಬದಲಾಯಿಸಬೇಕು. ಆಯ್ಕೆಯನ್ನು ಬದಲಾಯಿಸುವುದು ಹಳೆಯ ಆಯ್ಕೆ ತಪ್ಪಾಗಿತ್ತೆಂಬ ಒಪ್ಪಿಗೆಯಲ್ಲ. ದಾಸ್ತಾನಿನ ಬೆಲೆಯನ್ನು ವರ್ಷವರ್ಷವೂ ಹೊಸದಾಗಿ ಕಟ್ಟುವಂತೆ ಅದೂ ಒಂದು ಕ್ರಮ.

ಆಯ್ಕೆಯಾದವರ ಬಗೆಗೂ ಒಂದು ಮಾತು. ಎರಡನೆಯ ಸ್ಥಾನದಲ್ಲಿರುವವನು ಮೊದಲನೆಯವನ ಸೋಲಿಗೆ ಬಲಿಯಾಗುವುದೂ, ಗೆಲುವಿನಲ್ಲಿ ಹೆಸರಿಲ್ಲದೆ ಉಳಿಯುವುದೂ ಸಾಮಾನ್ಯ. ಒಂದು ವರ್ಷದ ನಷ್ಟಕ್ಕೆ ಅವನನ್ನು ಹೊಣೆಯಾಗಿಸಿ ಕಳುಹಿಸುವ ಮೊದಲು ಲೆಕ್ಕದ ಪರೀಕ್ಷೆಯನ್ನು ನಡೆಸುವುದು ಮಾಲೀಕನ ಕರ್ತವ್ಯ. ಹಾಗೆ ಮಾಡದ ಸಂಸ್ಥೆಗೆ ಮುಂದೆ ಸಮರ್ಥರು ಬರಲು ಹಿಂಜರಿಯುತ್ತಾರೆ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬುದು ಗಾದೆ. ವಿಮರ್ಶೆ ಬೇಡವೆಂದು ಅದರ ಅರ್ಥವಲ್ಲ. ಆಯ್ಕೆಯ ದಿನದ ತಿಳಿವಳಿಕೆಯನ್ನು ಆಧರಿಸಿದ ವಿಮರ್ಶೆಯಿಂದ ಮುಂದಿನ ಆಯ್ಕೆ ಉತ್ತಮವಾಗುತ್ತದೆ. ಫಲಿತಾಂಶವನ್ನಷ್ಟೇ ನೋಡಿ ಮಾಡುವ ವಿಮರ್ಶೆ ಮಾಲೀಕನನ್ನು ಅಂಜಿಸಿ, ಆಯ್ಕೆಯನ್ನೇ ಮಾಡದಂತೆ ತಡೆಯುತ್ತದೆ. ಸರಿಯಾಗಿ ವಿಚಾರಿಸಿ ಮಾಡಿದ ಆಯ್ಕೆ ಒಂದು ವೇಳೆ ಫಲಿಸದಿದ್ದರೆ ಅದನ್ನು ತಿದ್ದಿಕೊಳ್ಳಲು ಮಾಲೀಕನು ಇರುತ್ತಾನೆ. ಆಯ್ಕೆಯನ್ನೇ ಮಾಡದೆ ಮಾಲೀಕನು ಹೋದರೆ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ನಮ್ಮ ಸದಸ್ಯರು ಈ ವರ್ಷದ ಲೆಕ್ಕ ಮುಗಿಸುವ ಮೊದಲು, ತಮ್ಮ ಸಂಸ್ಥೆಯ ಎರಡನೆಯ ಹೆಸರನ್ನು ದಿನಾಂಕ ಸಹಿತ ಬರೆದಿಡುವರೆಂದು ಆಶಿಸುತ್ತೇವೆ.